ಮೇರಿಯನ್ ಮಹೋನಿ ಗ್ರಿಫಿನ್

ಮೇರಿಯನ್ ಮಹೋನಿ ಗ್ರಿಫಿನ್ (14 ಫೆಬ್ರವರಿ 1871 – 10 ಆಗಸ್ಟ್ 1961) ಅಮೆರಿಕದ ವಾಸ್ತುಶಿಲ್ಪಿ ಮತ್ತು ಚಿತ್ರಕಲಾವಿದೆ. ವಾಸ್ತುಶಿಲ್ಪ ವೃತ್ತಿಗೆ ಸರ್ಕಾರದ ಪರವಾನಗಿ ಪಡೆದ ಜಗತ್ತಿನ ಮೊದಲ ಮಹಿಳೆಯರಲ್ಲಿ ಇವರೂ ಒಬ್ಬರು. ಪ್ರಸಿದ್ಧ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ಕಚೇರಿಯಲ್ಲಿ ಸುಮಾರು ಹದಿನಾಲ್ಕು ವರ್ಷ ಇವರು ರಚಿಸಿದ ಚಿತ್ರಗಳು ರೈಟ್ ಅವರ ಕೀರ್ತಿಯನ್ನು ಯುರೋಪಿನವರೆಗೆ ಕೊಂಡೊಯ್ದವು. ಆಸ್ಟ್ರೇಲಿಯದ ರಾಜಧಾನಿ ಕ್ಯಾನ್‌ಬೆರಾ ನಗರಕ್ಕಾಗಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಪತಿ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ಯೋಜನೆ ಬಹುಮಾನ ಗಳಿಸಿದಾಗ, ಆ ಯೋಜನೆಯ ಚಿತ್ರಗಳನ್ನು ರಚಿಸಿದವರು ಇವರೇ. ಅಮೆರಿಕ, ಆಸ್ಟ್ರೇಲಿಯ ಮತ್ತು ಭಾರತ ಈ ಮೂರೂ ದೇಶಗಳಲ್ಲಿ ಇವರು ಕೆಲಸ ಮಾಡಿದರು. ಆದರೆ ಇವರ ಕೃತಿಗಳಲ್ಲಿ ಬಹುಪಾಲು ಇತರರ ಹೆಸರಿನಲ್ಲಿ ಪ್ರಕಟಗೊಂಡುದರಿಂದ, ಮರಣದ ನಂತರವೂ ಅನೇಕ ವರ್ಷಗಳ ಕಾಲ ವಾಸ್ತುಶಿಲ್ಪದ ಇತಿಹಾಸದಲ್ಲಿ ಇವರಿಗೆ ತಕ್ಕ ಸ್ಥಾನ ದೊರೆಯಲಿಲ್ಲ.

ಜನನ ಮತ್ತು ಬಾಲ್ಯ

ಮೇರಿಯನ್ ಅಮೆರಿಕದ ಇಲಿನಾಯ್ ರಾಜ್ಯದ ಷಿಕಾಗೊ ನಗರದಲ್ಲಿ ಜನಿಸಿದರು. ತಂದೆ ಜೆರೆಮೈಯ ಮಹೋನಿ ಐರ್ಲೆಂಡಿನ ಕಾರ್ಕ್ ಪ್ರದೇಶದಿಂದ ಬಂದವರು. ಪತ್ರಕರ್ತ, ಕವಿ ಮತ್ತು ಶಿಕ್ಷಕರಾಗಿದ್ದರು. ತಾಯಿ ಕ್ಲಾರಾ ಕೂಡ ಶಿಕ್ಷಕಿ. ಮೇರಿಯನ್ ಹುಟ್ಟಿದ ವರ್ಷವೇ, 1871ರ ಅಕ್ಟೋಬರ್‌ನಲ್ಲಿ, ಷಿಕಾಗೊ ನಗರದ ಬಹುಭಾಗ ಭೀಕರ ಅಗ್ನಿಗೆ ಆಹುತಿಯಾಯಿತು. ಎಂಟು ತಿಂಗಳ ಕೂಸಾಗಿದ್ದ ತಮ್ಮನ್ನು ಬಟ್ಟೆಯ ಬುಟ್ಟಿಯಲ್ಲಿಟ್ಟು ಹೊತ್ತೊಯ್ದರೆಂದು ಅವರು ಮುಂದೆ ನೆನೆದಿದ್ದಾರೆ. ಅನಂತರ ಕುಟುಂಬ ನಗರದ ಉತ್ತರಕ್ಕಿರುವ ಹಬರ್ಡ್ ವುಡ್ಸ್ ಎಂಬಲ್ಲಿ ನೆಲೆಸಿತು. ಮಿಷಿಗನ್ ಸರೋವರದ ದಡದ ಕಾಡು, ಕಂದರ ಮತ್ತು ಗಿಡಮರಗಳ ನಡುವೆ ಮೇರಿಯನ್ ಅವರ ಬಾಲ್ಯ ಕಳೆಯಿತು. ನಗರ ಬೆಳೆದಂತೆ ಆ ಕಾಡು ಕಣ್ಮುಂದೆಯೇ ಕರಗುತ್ತಾ ಹೋದುದನ್ನು ಅವರು ಕಂಡರು. ಕಟ್ಟಡದಷ್ಟೇ ಅದರ ಸುತ್ತಲಿನ ಗಿಡಮರಗಳಿಗೂ ಮಹತ್ವ ನೀಡುವ ಅವರ ಮನೋಧರ್ಮಕ್ಕೆ ಮೂಲ ಇಲ್ಲಿದೆ.

1882ರಲ್ಲಿ ತಂದೆ ತೀರಿಕೊಂಡ ಮೇಲೆ ಕುಟುಂಬ ಷಿಕಾಗೊ ನಗರಕ್ಕೆ ಹಿಂದಿರುಗಿತು. ಐದು ಮಕ್ಕಳ ಹೊಣೆ ಹೊತ್ತ ತಾಯಿ ಶಾಲೆಯೊಂದರಲ್ಲಿ ಕೆಲಸಕ್ಕೆ ಸೇರಿ, ಮುಂದೆ ಮುಖ್ಯೋಪಾಧ್ಯಾಯಿನಿಯಾದರು. ದುಡಿದು ಸಂಸಾರ ಸಾಕುವ, ಸಾರ್ವಜನಿಕ ಜೀವನದಲ್ಲಿ ಪಾಲ್ಗೊಳ್ಳುವ ಹೆಂಗಸರನ್ನು ಮೇರಿಯನ್ ಮನೆಯಲ್ಲೇ ಕಂಡು ಬೆಳೆದರು.

ಶಿಕ್ಷಣ

ಸೋದರಸಂಬಂಧಿ ಡ್ವೈಟ್ ಪರ್ಕಿನ್ಸ್ ವಾಸ್ತುಶಿಲ್ಪಿಯಾಗಿದ್ದರು. ಅವರ ಮಾದರಿಯನ್ನು ಅನುಸರಿಸಿ ಮೇರಿಯನ್ ಬಾಸ್ಟನ್ ನಗರದಲ್ಲಿದ್ದ ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ ಸಂಸ್ಥೆಯನ್ನು ಸೇರಿ, 1894ರಲ್ಲಿ ವಾಸ್ತುಶಿಲ್ಪದ ಪದವಿ ಪಡೆದರು. ಚಿತ್ರಕಾರನೊಬ್ಬನ ಮನೆ ಮತ್ತು ಕಾರ್ಯಶಾಲೆಯ ವಿನ್ಯಾಸವೇ ಅವರ ಪ್ರೌಢಪ್ರಬಂಧದ ವಿಷಯವಾಗಿತ್ತು. ಆ ಸಂಸ್ಥೆಯಲ್ಲಿ ವಾಸ್ತುಶಿಲ್ಪ ಪದವಿ ಪಡೆದ ಎರಡನೆಯ ಮಹಿಳೆ ಇವರು. ಮೊದಲನೆಯವರು 1890ರಲ್ಲಿ ಪದವಿ ಪಡೆದ ಸೋಫಿಯಾ ಹೇಡನ್. 1893ರ ಷಿಕಾಗೊ ವಿಶ್ವಮೇಳದ ಮಹಿಳಾ ಭವನವನ್ನು ವಿನ್ಯಾಸಗೊಳಿಸಿದ ಹೇಡನ್ ಕೆಲಸದ ಒತ್ತಡದಿಂದ ಅಸ್ವಸ್ಥರಾದಾಗ, ಹೆಂಗಸರು ಈ ವೃತ್ತಿಗೆ ತಕ್ಕವರಲ್ಲ ಎಂಬ ವಾದಕ್ಕೆ ಅದನ್ನೇ ನಿದರ್ಶನವಾಗಿ ಕೆಲವರು ಬಳಸಿಕೊಂಡರು. ಈ ಘಟನೆ ನಡೆದ ಸ್ವಲ್ಪ ಕಾಲದಲ್ಲೇ ಮೇರಿಯನ್ ಪದವಿ ಪಡೆದು ವೃತ್ತಿಗೆ ಕಾಲಿಟ್ಟರು.

ವೃತ್ತಿಜೀವನದ ಆರಂಭ

ಷಿಕಾಗೊಗೆ ಮರಳಿದ ಮೇರಿಯನ್ ಮೊದಲು ಪರ್ಕಿನ್ಸ್ ಅವರ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ ಮಾಡಿದರು. ಆಗ ಅಲ್ಲಿ ಸ್ಟೈನ್‌ವೇ ಹಾಲ್ ಎಂಬ ಕಟ್ಟಡದ ವಿನ್ಯಾಸ ನಡೆಯುತ್ತಿತ್ತು. ಆ ಕೆಲಸ ಮುಗಿಯುತ್ತಿದ್ದಂತೆ ಕಚೇರಿಯಲ್ಲಿ ಅವರಿಗೆ ಕೆಲಸವಿಲ್ಲದಾಯಿತು. 1895ರಲ್ಲಿ ಅವರು ಇಪ್ಪತ್ತೆಂಟು ವರ್ಷದ ಫ್ರಾಂಕ್ ಲಾಯ್ಡ್ ರೈಟ್ ಅವರ ಬಳಿ ಕೆಲಸಕ್ಕೆ ಸೇರಿದರು. ಸ್ವತಂತ್ರವಾಗಿ ಕಚೇರಿ ತೆರೆದು ಕೆಲವೇ ವರ್ಷಗಳಾಗಿದ್ದ ರೈಟ್ ಅವರಿಗೆ ಮೇರಿಯನ್ ಮೊದಲ ಉದ್ಯೋಗಿ.

ವಾಸ್ತುಶಿಲ್ಪಿಗಳಿಗೆ ಪರವಾನಗಿಯನ್ನು ಕಡ್ಡಾಯಗೊಳಿಸಿದ ಅಮೆರಿಕದ ಮೊದಲ ರಾಜ್ಯ ಇಲಿನಾಯ್. 1897ರಲ್ಲಿ ಈ ಕಾನೂನು ಜಾರಿಗೆ ಬಂದಿತು. ಮರುವರ್ಷ ಮೇರಿಯನ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಆ ರಾಜ್ಯದಲ್ಲಿ ಪರವಾನಗಿ ಪಡೆದ ಮೊದಲ ಮಹಿಳೆಯಾದರು. ಹೀಗಾಗಿ ರೈಟ್ ಅವರ ಕಚೇರಿಯಲ್ಲಿ ಅವರ ಸ್ಥಾನವನ್ನು ಕೇವಲ ಚಿತ್ರ ಬಿಡಿಸುವವರ ಸ್ಥಾನವೆಂದು ಹೇಳಲಾಗದು. ಅವರು ಶಿಕ್ಷಣ ಮತ್ತು ಕಾನೂನು ಎರಡರ ದೃಷ್ಟಿಯಿಂದಲೂ ಪೂರ್ಣ ಪ್ರಮಾಣದ ವಾಸ್ತುಶಿಲ್ಪಿಯಾಗಿದ್ದರು.

ಓಕ್ ಪಾರ್ಕ್ ಕಾರ್ಯಶಾಲೆ

1898ರಲ್ಲಿ ರೈಟ್ ಷಿಕಾಗೊ ಹೊರವಲಯದ ಓಕ್ ಪಾರ್ಕ್‌ನಲ್ಲಿ ತಮ್ಮ ಮನೆಗೆ ಹೊಂದಿಕೊಂಡಂತೆ ಕಾರ್ಯಶಾಲೆಯನ್ನು ಕಟ್ಟಿಸಿದರು. ವಿಶಾಲವಾಗಿ ಚಾಚಿದ ಸೂರು, ನೆಲಕ್ಕೆ ಒತ್ತಿಕೊಂಡಂತೆ ಕಾಣುವ ಅಡ್ಡರೇಖೆಗಳು ಮತ್ತು ಸುತ್ತಲಿನ ಬಯಲಿನೊಡನೆ ಬೆರೆಯುವ ಮನೆಗಳು ಇಲ್ಲಿ ರೂಪುಗೊಂಡವು. ಈ ಮಾದರಿಗೆ ಪ್ರೇರಿ ಶೈಲಿ ಎಂಬ ಹೆಸರು ಬಂದಿತು. ಮೇರಿಯನ್ 1909ರವರೆಗೆ, ನಡುನಡುವೆ ಬಿಡುವುಗಳೊಂದಿಗೆ, ಇಲ್ಲಿ ದುಡಿದರು. ಬಣ್ಣದ ಗಾಜಿನ ಕಿಟಕಿ, ದೀಪ, ಪೀಠೋಪಕರಣ, ಮೊಸಾಯಿಕ್ ಮತ್ತು ಭಿತ್ತಿಚಿತ್ರಗಳ ವಿನ್ಯಾಸದಲ್ಲಿ ಅವರ ಪಾತ್ರವಿತ್ತು.

ಆದರೆ ಅವರ ಅಸಾಧಾರಣ ಸಾಮರ್ಥ್ಯ ಪ್ರಕಟವಾದುದು ಪರ್ಸ್ಪೆಕ್ಟಿವ್ ಚಿತ್ರಗಳಲ್ಲಿ. ಕಟ್ಟಡ ಪೂರ್ಣಗೊಂಡ ಮೇಲೆ ನೋಡುವವರ ಕಣ್ಣಿಗೆ ಹೇಗೆ ಕಾಣುತ್ತದೆ ಎಂಬುದನ್ನು ಮುಂಚಿತವಾಗಿ ತೋರಿಸುವ ಚಿತ್ರಕ್ಕೆ ಈ ಹೆಸರು. ಮನೆ ಕಟ್ಟಿಸುವವರು ಅಳತೆಯ ನಕ್ಷೆಯನ್ನು ನೋಡಿ ಒಪ್ಪಿಗೆ ಕೊಡುವುದು ಕಷ್ಟ. ಅವರ ಮನಸ್ಸನ್ನು ಗೆಲ್ಲುವುದು ಈ ಚಿತ್ರ. ಮೇರಿಯನ್ ಜಪಾನಿನ ಮರದಚ್ಚಿನ ಮುದ್ರಣಚಿತ್ರಗಳ ರೀತಿಯನ್ನು ಅಳವಡಿಸಿಕೊಂಡರು. ತೆಳುವಾದ, ನಿಖರವಾದ ಶಾಯಿಯ ಗೆರೆ, ಚಿತ್ರದ ಅಂಚಿನಲ್ಲಿ ನಿಂತು ನೋಟವನ್ನು ಒಳಗೆ ಸೆಳೆಯುವ ಮರಗಳು, ಬರಿದಾಗಿ ಬಿಟ್ಟ ಆಕಾಶ, ಎಲೆ ಹೂಗಳ ದಟ್ಟಣೆಯಲ್ಲಿ ಅರೆ ಮರೆಯಾದ ಕಟ್ಟಡ ಇವು ಅವರ ಚಿತ್ರಗಳ ಲಕ್ಷಣಗಳು. ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿರುವ ಡಿ ರೋಡ್ಸ್ ಮನೆಯ (1906) ಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಆ ಚಿತ್ರ ಮಹೋನಿಯವರದೆಂದೂ, ಅದರಲ್ಲಿ ಜಪಾನಿ ಕಲಾವಿದ ಹಿರೋಶಿಗೆಯ ಛಾಯೆಯಿದೆಯೆಂದೂ ಸ್ವತಃ ರೈಟ್ ಅವರೇ ಅದರ ಮೇಲೆ ಬರೆದಿಟ್ಟಿದ್ದಾರೆ. ಇಂಥ ಬಹಿರಂಗ ಮನ್ನಣೆ ತೀರ ಅಪರೂಪ.

ಕಾರ್ಯಶಾಲೆಯಲ್ಲಿ ಉದ್ಯೋಗಿಗಳ ನಡುವೆ ಆಗಾಗ ಅನೌಪಚಾರಿಕ ವಿನ್ಯಾಸ ಸ್ಪರ್ಧೆಗಳು ನಡೆಯುತ್ತಿದ್ದವು. ಅವುಗಳಲ್ಲಿ ಹೆಚ್ಚಾಗಿ ಗೆಲ್ಲುತ್ತಿದ್ದವರು ಮೇರಿಯನ್ ಎಂದು ಅಲ್ಲಿ ಜೊತೆಗೆ ಕೆಲಸ ಮಾಡಿದ ವಾಸ್ತುಶಿಲ್ಪಿ ಬ್ಯಾರಿ ಬರ್ನ್ ಅನಂತರದ ವರ್ಷಗಳಲ್ಲಿ ನೆನಪಿಸಿಕೊಂಡರು. ಅವರ ವಿನ್ಯಾಸಗಳನ್ನು ರೈಟ್ ಮುಂದಿನ ಉಪಯೋಗಕ್ಕೆಂದು ತೆಗೆದಿರಿಸುತ್ತಿದ್ದರು. ಯಾರಾದರೂ ಅವುಗಳನ್ನು ಮಿಸ್ ಮಹೋನಿಯವರ ವಿನ್ಯಾಸಗಳೆಂದು ಕರೆದರೆ ಗದರಿಸುತ್ತಿದ್ದರು ಎಂಬುದೂ ಬರ್ನ್ ಅವರ ಹೇಳಿಕೆಯಲ್ಲಿದೆ. ಕಚೇರಿಯಿಂದ ಹೊರಬರುವ ಕೆಲಸವೆಲ್ಲ ಯಜಮಾನನ ಹೆಸರಿನಲ್ಲೇ ಹೊರಬರುವುದು ಆ ಕಾಲದ ವೃತ್ತಿಯ ರೂಢಿಯೂ ಆಗಿತ್ತು.

ವಾಸ್ಮುತ್ ಸಂಪುಟ

1910–11ರಲ್ಲಿ ಬರ್ಲಿನ್ ನಗರದ ಅರ್ನ್ಸ್ಟ್ ವಾಸ್ಮುತ್ ಎಂಬ ಪ್ರಕಾಶಕರು ರೈಟ್ ಅವರ ಕೃತಿಗಳನ್ನು ಪರಿಚಯಿಸುವ ನೂರು ಶಿಲಾಮುದ್ರಣ ಫಲಕಗಳ ಸಂಪುಟವನ್ನು ಹೊರತಂದರು. ಯುರೋಪಿನ ಯುವ ವಾಸ್ತುಶಿಲ್ಪಿಗಳ ಮೇಲೆ ಇದು ಆಳವಾದ ಪ್ರಭಾವ ಬೀರಿತು. ಅವರಲ್ಲಿ ಹೆಚ್ಚಿನವರು ರೈಟ್ ಅವರ ಒಂದು ಕಟ್ಟಡವನ್ನೂ ಕಣ್ಣಾರೆ ಕಂಡಿರಲಿಲ್ಲ. ಅವರು ಕಂಡುದು ಈ ಚಿತ್ರಗಳನ್ನು ಮಾತ್ರ. ಫಲಕಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮೇರಿಯನ್ ಅವರು ಮೊದಲೇ ರಚಿಸಿದ್ದ ಚಿತ್ರಗಳು ಆಧಾರವೆಂದು ವಿದ್ವಾಂಸರು ಈಗ ಗುರುತಿಸಿದ್ದಾರೆ. ಸಂಪುಟದ ಮೇಲೆ ಮಾತ್ರ ಅವರ ಹೆಸರು ಇರಲಿಲ್ಲ.

ಸ್ವತಂತ್ರ ಕೃತಿಗಳು

ರೈಟ್ ಅವರ ಬಳಿ ಇದ್ದಾಗಲೇ ಮೇರಿಯನ್ ಷಿಕಾಗೊ ಸಮೀಪದ ಎವನ್‌ಸ್ಟನ್ ಪಟ್ಟಣದಲ್ಲಿ ಯೂನಿಟೇರಿಯನ್ ಪಂಥದ ಆಲ್ ಸೋಲ್ಸ್ ಚರ್ಚನ್ನು (1903) ಸ್ವತಂತ್ರವಾಗಿ ವಿನ್ಯಾಸಗೊಳಿಸಿದರು. ಈ ಪುಟ್ಟ ಕಟ್ಟಡ ಈಗ ಉಳಿದಿಲ್ಲ. ಅವರ ಬದುಕಿನ ಕೊನೆಯ ದಿನಗಳ ಹೊತ್ತಿಗೆ ಅದನ್ನು ಕೆಡವಲಾಯಿತು.

1909ರಲ್ಲಿ ರೈಟ್ ತಮ್ಮ ಸಂಸಾರ ಮತ್ತು ಕಚೇರಿಯನ್ನು ಬಿಟ್ಟು ಯುರೋಪಿಗೆ ಹೊರಟರು. ಅರ್ಧಕ್ಕೆ ನಿಂತ ಕೆಲಸಗಳನ್ನು ವಹಿಸಿಕೊಳ್ಳುವಂತೆ ಮೇರಿಯನ್ ಅವರನ್ನು ಕೇಳಿದಾಗ ಅವರು ನಿರಾಕರಿಸಿದರು. ಕಚೇರಿ ಹರ್ಮನ್ ಫಾನ್ ಹೋಲ್ಸ್ಟ್ ಎಂಬ ವಾಸ್ತುಶಿಲ್ಪಿಯ ಕೈಗೆ ಹೋಯಿತು. ವಿನ್ಯಾಸದ ವಿಷಯದಲ್ಲಿ ಅಂತಿಮ ನಿರ್ಧಾರ ತಮ್ಮದೇ ಆಗಿರಬೇಕೆಂಬ ಷರತ್ತಿನ ಮೇಲೆ ಮೇರಿಯನ್ ಅವರೊಡನೆ ಕೆಲಸ ಮಾಡಲು ಒಪ್ಪಿದರು. ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಡೇವಿಡ್ ಆಂಬರ್ಗ್ ಮನೆ, ಇಲಿನಾಯ್ ರಾಜ್ಯದ ಡೆಕೇಟರ್ ಪಟ್ಟಣದಲ್ಲಿ ಮ್ಯುಲ್ಲರ್ ಸಹೋದರರಿಗಾಗಿ ಕಟ್ಟಿದ ಮನೆಗಳು ಈ ಕಾಲದ ಮುಖ್ಯ ಕೃತಿಗಳು. ಮೋಟಾರು ಉದ್ಯಮಿ ಹೆನ್ರಿ ಫೋರ್ಡ್ ಅವರ ಡಿಯರ್‌ಬರ್ನ್ ನಿವಾಸಕ್ಕೂ ಅವರು ವಿನ್ಯಾಸ ಸಿದ್ಧಪಡಿಸಿದ್ದರು. ಆದರೆ ಫೋರ್ಡ್ ಮನಸ್ಸು ಬದಲಿಸಿ ಆ ಕೆಲಸವನ್ನು ಬೇರೊಬ್ಬರಿಗೆ ವಹಿಸಿದರು.

ವಿವಾಹ

ಡೆಕೇಟರ್ ಮನೆಗಳ ತೋಟ ಮತ್ತು ಪರಿಸರದ ವಿನ್ಯಾಸಕ್ಕಾಗಿ ಮೇರಿಯನ್ ತಮ್ಮ ಹಳೆಯ ಸಹೋದ್ಯೋಗಿ ವಾಲ್ಟರ್ ಬರ್ಲಿ ಗ್ರಿಫಿನ್ ಅವರ ನೆರವು ಪಡೆದರು. ವಾಲ್ಟರ್ ರೈಟ್ ಅವರ ಕಾರ್ಯಶಾಲೆಯಲ್ಲಿ 1901ರಿಂದ ಕೆಲವು ವರ್ಷ ಕೆಲಸ ಮಾಡಿ, ಸ್ವತಂತ್ರ ವೃತ್ತಿ ಆರಂಭಿಸಿದ್ದರು. ಇಬ್ಬರಿಗೂ ದೋಣಿಯಾನದಲ್ಲಿ, ಕಾಡು ಸುತ್ತುವುದರಲ್ಲಿ, ಗಿಡಗಳ ಪರಿಚಯದಲ್ಲಿ ಸಮಾನ ಆಸಕ್ತಿಯಿತ್ತು. 1911ರ ಜೂನ್ 29ರಂದು ಅವರು ವಿವಾಹವಾದರು. ಆಗ ಮೇರಿಯನ್ ಅವರಿಗೆ ನಲವತ್ತು, ವಾಲ್ಟರ್ ಅವರಿಗೆ ಮೂವತ್ತನಾಲ್ಕು ವರ್ಷ. ಅಂದಿನಿಂದ ಅವರ ವೃತ್ತಿಜೀವನ ಪತಿಯ ವೃತ್ತಿಜೀವನದೊಡನೆ ಬೆರೆತುಹೋಯಿತು. ವಿನ್ಯಾಸದಲ್ಲಿ ಯಾರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಅನೇಕ ಕಡೆ ಸಾಧ್ಯವಿಲ್ಲ. ಕಡತಗಳಲ್ಲಿ ಮಾತ್ರ ಸಾಮಾನ್ಯವಾಗಿ ವಾಲ್ಟರ್ ಅವರೊಬ್ಬರ ಹೆಸರೇ ಕಾಣುತ್ತದೆ.

ಕ್ಯಾನ್‌ಬೆರಾ ಯೋಜನೆ

1901ರಲ್ಲಿ ಒಕ್ಕೂಟವಾಗಿ ರೂಪುಗೊಂಡ ಆಸ್ಟ್ರೇಲಿಯ ಹೊಸ ರಾಜಧಾನಿಗಾಗಿ 1911ರಲ್ಲಿ ಅಂತರರಾಷ್ಟ್ರೀಯ ವಿನ್ಯಾಸ ಸ್ಪರ್ಧೆಯನ್ನು ಘೋಷಿಸಿತು. ನವದಂಪತಿಗಳು ಸ್ಪರ್ಧೆಗೆ ಪ್ರವೇಶಿಸಲು ನಿರ್ಧರಿಸಿದರೂ ಇತರ ಕೆಲಸಗಳ ನಡುವೆ ವಾಲ್ಟರ್ ಯೋಜನೆಯನ್ನು ಮುಂದೂಡುತ್ತಲೇ ಬಂದರು. ಇಂದೇ ಆರಂಭಿಸದಿದ್ದರೆ ತಾವು ಈ ಕೆಲಸಕ್ಕೆ ಕೈ ಹಚ್ಚುವುದಿಲ್ಲವೆಂದು ಮೇರಿಯನ್ ಪಟ್ಟು ಹಿಡಿದ ಮೇಲೆಯೇ ಕೆಲಸ ಪ್ರಾರಂಭವಾಯಿತು ಎಂಬುದು ಅವರ ಆತ್ಮಕಥನದಲ್ಲಿರುವ ವೃತ್ತಾಂತ. ಕಚೇರಿಯ ಸಹಾಯಕರ ನೆರವಿನೊಂದಿಗೆ ಸುಮಾರು ಒಂಬತ್ತು ವಾರಗಳಲ್ಲಿ ಯೋಜನೆ ಮತ್ತು ಚಿತ್ರಗಳು ಸಿದ್ಧವಾದವು. ಚಳಿಗಾಲದ ಷಿಕಾಗೊದಲ್ಲಿ ಕುಳಿತು, ತಾವೆಂದೂ ನೋಡದ ನೆಲವನ್ನು ಸಮೋನ್ನತಿ ರೇಖೆಗಳ ಭೂಪಟ ಮತ್ತು ಸ್ಪರ್ಧಿಗಳಿಗೆ ಒದಗಿಸಿದ್ದ ವಿವರಗಳ ಆಧಾರದ ಮೇಲೆ ಅವರು ಕಲ್ಪಿಸಿಕೊಳ್ಳಬೇಕಾಗಿತ್ತು.

ಯೋಜನೆಯ ಮುಖ್ಯ ತತ್ತ್ವ ಸರಳವಾದುದು. ಬೆಟ್ಟ ಮತ್ತು ನೀರು ನಗರದ ರೂಪವನ್ನು ನಿರ್ಧರಿಸಬೇಕು. ಏನ್ಸ್‌ಲಿ ಬೆಟ್ಟದಿಂದ ಹೊರಟು ಕ್ಯಾಪಿಟಲ್ ಹಿಲ್ ಮೂಲಕ ದೂರದ ಬಿಂಬೆರಿ ಶಿಖರದ ಕಡೆಗೆ ಸಾಗುವ ಭೂಅಕ್ಷ ಒಂದು. ಅದಕ್ಕೆ ಅಡ್ಡಲಾಗಿ, ಮೊಲಾಂಗ್ಲೊ ನದಿಗೆ ತಡೆಯೊಡ್ಡಿ ನಿರ್ಮಿಸುವ ಸರೋವರಗಳ ಸಾಲಿನ ಜಲಅಕ್ಷ ಇನ್ನೊಂದು. ಇವೆರಡರ ಸುತ್ತ ತ್ರಿಕೋನಾಕಾರವಾಗಿ ನಗರದ ಮುಖ್ಯ ಕೇಂದ್ರಗಳು. ಮೇರಿಯನ್ ಇದನ್ನು ಬಟ್ಟೆಯ ಮೇಲೆ ಮೃದುವಾದ ಕಂದು, ಹೊನ್ನು ಮತ್ತು ಹಸಿರು ಛಾಯೆಗಳಲ್ಲಿ ಚಿತ್ರಿಸಿದರು. ಏನ್ಸ್‌ಲಿ ಬೆಟ್ಟದ ತುದಿಯಿಂದ ಕಾಣುವ ನಗರದ ಮೂರು ಭಾಗಗಳ ವಿಶಾಲ ನೋಟ ಅವುಗಳಲ್ಲಿ ಅತ್ಯಂತ ಪ್ರಸಿದ್ಧ. ಅದರಲ್ಲಿ ಕಟ್ಟಡಗಳು ಬೆಟ್ಟಗಳನ್ನು ಮರೆಮಾಡದೆ ಅವುಗಳ ಪಾದದಲ್ಲಿ ತಗ್ಗಾಗಿ ಕುಳಿತಿವೆ.

ಸ್ಪರ್ಧೆಗೆ 137 ಯೋಜನೆಗಳು ಬಂದಿದ್ದವು. 1912ರ ಮೇ ತಿಂಗಳಿನಲ್ಲಿ 29ನೆಯ ಸಂಖ್ಯೆಯ ಯೋಜನೆಗೆ ಮೊದಲ ಬಹುಮಾನ ಘೋಷಣೆಯಾಯಿತು. ಫಿನ್ಲೆಂಡಿನ ಎಲಿಯೆಲ್ ಸಾರಿನೆನ್ ಎರಡನೆಯ ಮತ್ತು ಫ್ರಾನ್ಸಿನ ಆಲ್ಫ್ರೆಡ್ ಅಗಾಶ್ ಮೂರನೆಯ ಬಹುಮಾನ ಪಡೆದರು. ಸ್ಪರ್ಧೆಗೆ ಸಲ್ಲಿಸಿದ ಹೆಸರು ವಾಲ್ಟರ್ ಬರ್ಲಿ ಗ್ರಿಫಿನ್ ಅವರದು ಮಾತ್ರ. ಪತ್ರಿಕೆಗಳು ಕೊಂಡಾಡಿದ್ದೂ ಅವರನ್ನೇ. ಈ ಚಿತ್ರಗಳು ಇಂದು ಆಸ್ಟ್ರೇಲಿಯದ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ನಗರ ಯೋಜನೆಯ ಮೂಲ ಕಲ್ಪನೆ ವಾಲ್ಟರ್ ಅವರದೆಂದು ಮೇರಿಯನ್ ಜೀವನದುದ್ದಕ್ಕೂ ಹೇಳುತ್ತಿದ್ದರು. ಆದರೆ ತೀರ್ಪುಗಾರರ ಎದುರು ಆ ಕಲ್ಪನೆಯನ್ನು ಕಣ್ಣಿಗೆ ಕಟ್ಟುವಂತೆ ನಿಲ್ಲಿಸಿದ್ದು ಮೇರಿಯನ್ ಅವರ ಚಿತ್ರಗಳು ಎಂಬುದನ್ನು ಇಂದಿನ ಇತಿಹಾಸಕಾರರು ಒಪ್ಪುತ್ತಾರೆ.

ಆಸ್ಟ್ರೇಲಿಯದಲ್ಲಿ

1914ರಲ್ಲಿ ದಂಪತಿಗಳು ಆಸ್ಟ್ರೇಲಿಯಕ್ಕೆ ತೆರಳಿದರು. ಕ್ಯಾನ್‌ಬೆರಾ ನಿರ್ಮಾಣದ ಅಧಿಕಾರಿಯಾಗಿ ನೇಮಕಗೊಂಡಿದ್ದ ವಾಲ್ಟರ್ ಅವರಿಗೆ ಸರ್ಕಾರಿ ಅಧಿಕಾರಿಗಳ ವಿರೋಧ ಎದುರಾಯಿತು. ವಿಚಾರಣಾ ಆಯೋಗವೊಂದು 1917ರಲ್ಲಿ ಅವರ ಪರವಾಗಿಯೇ ವರದಿ ನೀಡಿದರೂ ಕೆಲಸ ನಿಧಾನವಾಗಿಯೇ ಸಾಗಿತು. 1920ರ ಕೊನೆಗೆ ವಾಲ್ಟರ್ ಆ ಹುದ್ದೆಯಿಂದ ಹೊರಬಂದರು. ಈ ಅವಧಿಯಲ್ಲಿ ಖಾಸಗಿ ಕಚೇರಿಯ ಹೊಣೆಯ ದೊಡ್ಡ ಪಾಲು ಮೇರಿಯನ್ ಅವರ ಮೇಲಿತ್ತು.

ಮೆಲ್ಬರ್ನ್ ನಗರದಲ್ಲಿ ಅವರ ಕಚೇರಿ ಕೆಫೆ ಆಸ್ಟ್ರೇಲಿಯ (1916), ಮೆಲ್ಬರ್ನ್ ವಿಶ್ವವಿದ್ಯಾಲಯದ ನ್ಯೂಮನ್ ಕಾಲೇಜು (1918) ಮತ್ತು ಕ್ಯಾಪಿಟಲ್ ಚಿತ್ರಮಂದಿರಗಳನ್ನು (1924) ವಿನ್ಯಾಸಗೊಳಿಸಿತು. ಇವುಗಳಲ್ಲಿ ಚಿತ್ರಮಂದಿರದ ಒಳಮಾಳಿಗೆ ಹೆಸರಾಂತದ್ದು. ಹರಳುಗಳು ಒಂದರ ಮೇಲೊಂದು ಬೆಳೆದಂತೆ ಕಾಣುವ ಗಾರೆಯ ಮೆಟ್ಟಿಲುಗಳ ಹಿಂದೆ ಸಾವಿರಾರು ಬಣ್ಣದ ದೀಪಗಳನ್ನು ಅಡಗಿಸಿ, ಬೆಳಕು ಕ್ರಮೇಣ ಬಣ್ಣ ಬದಲಿಸುವಂತೆ ಅದನ್ನು ರೂಪಿಸಲಾಗಿದೆ. ಇದರ ವಿನ್ಯಾಸದಲ್ಲಿ ಮೇರಿಯನ್ ಅವರ ಪಾತ್ರ ಗಣನೀಯವೆಂದು ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಇದೇ ಕಾಲದಲ್ಲಿ ಅವರು ಟಾಸ್ಮೇನಿಯ ಮತ್ತು ಆಸ್ಟ್ರೇಲಿಯದ ಇತರ ಭಾಗಗಳ ಕಾಡುಮರಗಳ ಚಿತ್ರಮಾಲೆಯನ್ನೂ ರಚಿಸಿದರು.

ಕ್ಯಾಸಲ್‌ಕ್ರ್ಯಾಗ್

1920ರ ದಶಕದ ಆರಂಭದಲ್ಲಿ ಗ್ರಿಫಿನ್ ದಂಪತಿಗಳು ಸ್ಥಾಪಿಸಿದ ಸಂಸ್ಥೆ ಸಿಡ್ನಿ ನಗರದ ಮಿಡ್ಲ್ ಹಾರ್ಬರ್ ದಂಡೆಯಲ್ಲಿ ಸುಮಾರು 650 ಎಕರೆ ಜಮೀನನ್ನು ಕೊಂಡಿತು. ಇಲ್ಲಿ ಕ್ಯಾಸಲ್‌ಕ್ರ್ಯಾಗ್ ಎಂಬ ಬಡಾವಣೆ ರೂಪುಗೊಂಡಿತು. ಬಂಡೆಗಳನ್ನು ಒಡೆಯದೆ, ಇಳಿಜಾರನ್ನು ಅನುಸರಿಸಿ ರಸ್ತೆಗಳು ಬಳಸಿ ಹೋಗುತ್ತವೆ. ಸ್ಥಳೀಯ ಮರಳುಗಲ್ಲು ಮತ್ತು ವಾಲ್ಟರ್ ರೂಪಿಸಿದ ಕಾಂಕ್ರೀಟು ಬ್ಲಾಕುಗಳಿಂದ ಕಟ್ಟಿದ ತಗ್ಗು ಮನೆಗಳು ಮರಗಳ ನಡುವೆ ಅಡಗಿವೆ. ಸ್ಥಳೀಯ ಗಿಡಮರಗಳನ್ನು ಉಳಿಸುವ ನಿಬಂಧನೆಗಳನ್ನು ನಿವೇಶನದಾರರಿಗೆ ವಿಧಿಸಲಾಗಿತ್ತು. ಪರಿಸರ ಸಂರಕ್ಷಣೆಯ ಮಾತು ಇನ್ನೂ ಸಾಮಾನ್ಯವಾಗಿರದ ಕಾಲದಲ್ಲಿ ಇದು ಹೊಸ ದಾರಿಯಾಗಿತ್ತು.

1925ರಲ್ಲಿ ದಂಪತಿಗಳು ಇಲ್ಲಿಗೇ ಬಂದು ನೆಲೆಸಿದರು. ಬಡಾವಣೆಯ ಸಾಮಾಜಿಕ ಬದುಕಿಗೆ ಮೇರಿಯನ್ ಕೇಂದ್ರವಾದರು. ಬಂಡೆಗಳ ನಡುವಿನ ಕಂದರವೊಂದನ್ನು ಬಯಲು ರಂಗಮಂದಿರವಾಗಿ ಮಾರ್ಪಡಿಸಿ ಗ್ರೀಕ್ ನಾಟಕಗಳೂ ಸೇರಿದಂತೆ ಹಲವು ನಾಟಕಗಳನ್ನು ಆಡಿಸಿದರು. ರಂಗಸಜ್ಜಿಕೆ ಮತ್ತು ವೇಷಭೂಷಣಗಳ ವಿನ್ಯಾಸವನ್ನೂ ಮಾಡಿದರು. ಈ ರಂಗಮಂದಿರ ಇಂದಿಗೂ ಇದೆ. 1930ರ ಸುಮಾರಿಗೆ ಅವರು ರುಡಾಲ್ಫ್ ಸ್ಟೈನರ್ ಅವರ ಆಂಥ್ರೊಪಾಸಫಿ ಎಂಬ ಆಧ್ಯಾತ್ಮಿಕ ಚಿಂತನೆಯತ್ತ ಆಕರ್ಷಿತರಾದರು. 1931–32ರಲ್ಲಿ ಸ್ವದೇಶಕ್ಕೆ ಭೇಟಿ ನೀಡಿದಾಗ ಷಿಕಾಗೊದ ಆರ್ಮ್‌ಸ್ಟ್ರಾಂಗ್ ಶಾಲೆಯ ಗೋಡೆಯ ಮೇಲೆ, ಯಕ್ಷಿಯರು ಬಕಪಕ್ಷಿಗಳಿಗೆ ಉಣಿಸುವ ಭಿತ್ತಿಚಿತ್ರವೊಂದನ್ನು ರಚಿಸಿದರು.

ಭಾರತದಲ್ಲಿ

ಆರ್ಥಿಕ ಮುಗ್ಗಟ್ಟಿನಿಂದ ಆಸ್ಟ್ರೇಲಿಯದಲ್ಲಿ ಕೆಲಸ ವಿರಳವಾದಾಗ, ಲಕ್ನೋ ವಿಶ್ವವಿದ್ಯಾಲಯದ ಗ್ರಂಥಾಲಯದ ವಿನ್ಯಾಸಕ್ಕಾಗಿ ವಾಲ್ಟರ್ 1935ರಲ್ಲಿ ಭಾರತಕ್ಕೆ ಬಂದರು. ಒಂದರ ಹಿಂದೆ ಒಂದರಂತೆ ಇತರ ಕೆಲಸಗಳೂ ದೊರೆತಾಗ 1936ರಲ್ಲಿ ಮೇರಿಯನ್ ಲಕ್ನೋಗೆ ಬಂದು ಅವರನ್ನು ಕೂಡಿಕೊಂಡು ಕಚೇರಿಯ ಉಸ್ತುವಾರಿ ವಹಿಸಿದರು. ಪಯೊನಿಯರ್ ಪತ್ರಿಕೆಯ ಮುದ್ರಣಾಲಯ, ಮಹಮೂದಾಬಾದಿನ ರಾಜರ ಗ್ರಂಥಾಲಯ ಮತ್ತು ವಸ್ತುಸಂಗ್ರಹಾಲಯ, 1936–37ರಲ್ಲಿ ನಡೆದ ಸಂಯುಕ್ತ ಪ್ರಾಂತಗಳ ಕೈಗಾರಿಕಾ ಮತ್ತು ಕೃಷಿ ಪ್ರದರ್ಶನದ ಮಂಟಪಗಳು, ಹಲವು ಮನೆಗಳು ಹೀಗೆ ಅಲ್ಪ ಕಾಲದಲ್ಲಿ ಹತ್ತಾರು ವಿನ್ಯಾಸಗಳನ್ನು ಅವರು ಸಿದ್ಧಪಡಿಸಿದರು. ಭಾರತೀಯ ಕಟ್ಟಡಗಳ ಅಲಂಕರಣವೂ, ಇಲ್ಲಿನ ಬಿಸಿಲು ನೆರಳುಗಳ ಪರಿಗಣನೆಯೂ ಈ ವಿನ್ಯಾಸಗಳಲ್ಲಿ ಬೆರೆತಿವೆ. ಇವುಗಳಲ್ಲಿ ಬಹುಪಾಲು ಕಾಗದದ ಮೇಲೆಯೇ ಉಳಿದವು.

ಪಿತ್ತಕೋಶದ ಶಸ್ತ್ರಚಿಕಿತ್ಸೆಯ ಬಳಿಕ ಉಂಟಾದ ಉದರದ ಸೋಂಕಿನಿಂದ ವಾಲ್ಟರ್ 1937ರ ಫೆಬ್ರವರಿ 11ರಂದು ಲಕ್ನೋದಲ್ಲಿ ನಿಧನರಾದರು. ಅವರ ಸಮಾಧಿ ಆ ನಗರದ ಕ್ರೈಸ್ತ ಸ್ಮಶಾನದಲ್ಲಿದೆ. ಬಹುಕಾಲ ಅದಕ್ಕೆ ಗುರುತಿನ ಕಲ್ಲೂ ಇರಲಿಲ್ಲ. ಅರವತ್ತಾರನೆಯ ವಯಸ್ಸಿನಲ್ಲಿ ಪರದೇಶದಲ್ಲಿ ಒಂಟಿಯಾದ ಮೇರಿಯನ್ ಕಚೇರಿಯ ವ್ಯವಹಾರಗಳನ್ನು ಮುಗಿಸಿ ಆಸ್ಟ್ರೇಲಿಯಕ್ಕೆ ಹಿಂದಿರುಗಿದರು.

ಕೊನೆಯ ವರ್ಷಗಳು ಮತ್ತು ಆತ್ಮಕಥನ

ಕೆಲಕಾಲದ ನಂತರ ಮೇರಿಯನ್ ಷಿಕಾಗೊಗೆ ಮರಳಿ ಬಂಧುಗಳೊಡನೆ ನೆಲೆಸಿದರು. 1940ರ ದಶಕದಲ್ಲಿ ಶಾಂತಿ ಹೋರಾಟಗಾರ್ತಿ ಲೋಲಾ ಮಾವರಿಕ್ ಲಾಯ್ಡ್ ಅವರಿಗಾಗಿ ನ್ಯೂ ಹ್ಯಾಂಪ್‌ಷೈರ್ ಮತ್ತು ಟೆಕ್ಸಸ್ ರಾಜ್ಯಗಳಲ್ಲಿ ಎರಡು ವಸತಿ ಯೋಜನೆಗಳನ್ನು ರೂಪಿಸಿದರು. ಎರಡೂ ಕಾರ್ಯಗತವಾಗಲಿಲ್ಲ.

ಈ ವರ್ಷಗಳಲ್ಲಿ ಅವರ ಮುಖ್ಯ ಕಾರ್ಯ ದಿ ಮ್ಯಾಜಿಕ್ ಆಫ್ ಅಮೆರಿಕ ಎಂಬ ಬೃಹತ್ ಆತ್ಮಕಥನದ ರಚನೆ. 1,400ಕ್ಕೂ ಹೆಚ್ಚು ಬೆರಳಚ್ಚು ಪುಟಗಳು ಮತ್ತು ನೂರಾರು ಚಿತ್ರಗಳನ್ನು ಒಳಗೊಂಡ ಈ ಕೃತಿಯಲ್ಲಿ ನಾಲ್ಕು ಭಾಗಗಳಿವೆ. ಪ್ರತಿ ಭಾಗವನ್ನೂ ಅವರು ಒಂದೊಂದು ಸಮರವೆಂದು ಕರೆದಿದ್ದಾರೆ. ಮೊದಲನೆಯದು ಭಾರತದ ಅನುಭವಗಳಿಗೆ, ಎರಡನೆಯದು ಕ್ಯಾನ್‌ಬೆರಾಕ್ಕೆ, ಮೂರನೆಯದು ಕ್ಯಾಸಲ್‌ಕ್ರ್ಯಾಗ್‌ಗೆ ಮತ್ತು ಕೊನೆಯದು ವೈಯಕ್ತಿಕ ಬದುಕಿಗೆ ಮೀಸಲು. ಪತಿಯ ಪ್ರತಿಭೆಯನ್ನು ಲೋಕಕ್ಕೆ ಸಾರುವುದೇ ಕೃತಿಯ ಮುಖ್ಯ ಉದ್ದೇಶ. ರೈಟ್ ಅವರ ಬಗ್ಗೆ ಕಟುವಾದ ಟೀಕೆಯೂ ಇದರಲ್ಲಿದೆ. ಆದರೆ ಅವರು ತಮ್ಮ ಸ್ವಂತ ಪಾಲನ್ನು ಅನೇಕ ಕಡೆ ಕುಗ್ಗಿಸಿಯೇ ಹೇಳಿದ್ದಾರೆ. ಹೀಗಾಗಿ ಅವರ ಹೆಸರು ಮಸುಕಾದುದಕ್ಕೆ ಇತರರು ಮಾತ್ರವಲ್ಲದೆ ಅವರ ಲೇಖನಿಯೂ ಒಂದಿಷ್ಟು ಕಾರಣವಾಯಿತು. ಪ್ರಕಾಶಕರು ದೊರೆಯದುದರಿಂದ 1949ರ ಸುಮಾರಿಗೆ ಹಸ್ತಪ್ರತಿಗಳನ್ನು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಷಿಕಾಗೊ ಮತ್ತು ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿಗಳಿಗೆ ಒಪ್ಪಿಸಿದರು. 2007ರಲ್ಲಿ ಷಿಕಾಗೊ ಸಂಸ್ಥೆ ಈ ಕೃತಿಯನ್ನು ಅಂತರಜಾಲದಲ್ಲಿ ಎಲ್ಲರಿಗೂ ಲಭ್ಯವಾಗುವಂತೆ ಪ್ರಕಟಿಸಿತು.

1961ರ ಆಗಸ್ಟ್ 10ರಂದು, ತೊಂಬತ್ತನೆಯ ವಯಸ್ಸಿನಲ್ಲಿ, ಮೇರಿಯನ್ ಷಿಕಾಗೊದ ಸಾರ್ವಜನಿಕ ಆಸ್ಪತ್ರೆಯೊಂದರಲ್ಲಿ ಬಡತನದಲ್ಲಿ ನಿಧನರಾದರು.

ಕೊಡುಗೆಯ ಮರುಮೌಲ್ಯಮಾಪನ

ಮೇರಿಯನ್ ಅವರ ಕೊಡುಗೆ ಮರೆಯಾದುದಕ್ಕೆ ಹಲವು ಕಾರಣಗಳಿವೆ. ಕಚೇರಿಯ ಕೆಲಸವೆಲ್ಲ ಯಜಮಾನನ ಹೆಸರಿಗೆ ಸೇರುತ್ತಿತ್ತು. ವಿವಾಹದ ನಂತರ ಜಂಟಿ ಕೆಲಸ ಪತಿಯ ಹೆಸರಿಗೆ ಸೇರಿತು. ಎಲ್ಲಕ್ಕಿಂತ ಮಿಗಿಲಾಗಿ, ವಿನ್ಯಾಸ ಬೇರೆ, ಅದನ್ನು ಚಿತ್ರಿಸುವುದು ಬೇರೆ, ಮೊದಲನೆಯದು ಸೃಷ್ಟಿ, ಎರಡನೆಯದು ಕೇವಲ ಕೈಕೆಲಸ ಎಂಬ ನಂಬಿಕೆ ಇತಿಹಾಸಕಾರರಲ್ಲೂ ಬೇರೂರಿತ್ತು.

1960ರ ದಶಕದಲ್ಲಿ ವಿದ್ವಾಂಸ ಎಚ್. ಆಲನ್ ಬ್ರೂಕ್ಸ್ ರೈಟ್ ಕಾರ್ಯಶಾಲೆಯ ಚಿತ್ರಗಳಲ್ಲಿ ಯಾವುದು ಯಾರ ಕೈಯದು ಎಂದು ಪರಿಶೀಲಿಸಿ ಮೇರಿಯನ್ ಅವರ ಪಾಲನ್ನು ಗುರುತಿಸಿದರು. ಗೆರೆಯ ರೀತಿ ಮತ್ತು ಗಿಡಮರಗಳ ಚಿತ್ರಣದ ಜೊತೆಗೆ ಇನ್ನೊಂದು ಸಾಕ್ಷ್ಯವೂ ದೊರೆಯಿತು. ಕೆಲವು ಚಿತ್ರಗಳಲ್ಲಿ ಎಲೆಬಳ್ಳಿಗಳ ದಟ್ಟಣೆಯ ನಡುವೆ ತಮ್ಮ ಹೆಸರಿನ ಮೊದಲಕ್ಷರಗಳನ್ನು ಮೇರಿಯನ್ ಸಣ್ಣದಾಗಿ ಹೆಣೆದಿದ್ದರು. ಆ ಬಳಿಕ ಅಮೆರಿಕ ಮತ್ತು ಆಸ್ಟ್ರೇಲಿಯಗಳಲ್ಲಿ ಅವರ ಬಗ್ಗೆ ಅಧ್ಯಯನಗಳು, ಗ್ರಂಥಗಳು ಮತ್ತು ಪ್ರದರ್ಶನಗಳು ನಡೆದಿವೆ. ಯಾವ ಕಟ್ಟಡದಲ್ಲಿ ಅವರ ಪಾಲೆಷ್ಟು ಎಂಬ ಚರ್ಚೆ ಇನ್ನೂ ಮುಗಿದಿಲ್ಲ.

ಇವರದು ಒಂಟಿ ನಿದರ್ಶನವಲ್ಲ. ಜರ್ಮನಿಯಲ್ಲಿ ಮೀಸ್ ವಾನ್ ಡೆರ್ ರೋಹೆ ಅವರೊಡನೆ ದುಡಿದ ಲಿಲ್ಲಿ ರೈಷ್, ಅಮೆರಿಕದಲ್ಲಿ ಲೂಯಿ ಕಾನ್ ಅವರೊಡನೆ ದುಡಿದ ಆನ್ ಟಿಂಗ್, ಭಾರತದಲ್ಲಿ ಚಂಡೀಗಢ ನಿರ್ಮಾಣದ ತಂಡದಲ್ಲಿದ್ದ ಊರ್ಮಿಳಾ ಯೂಲಿ ಚೌಧರಿ ಇವರ ಹೆಸರುಗಳೂ ಸಹೋದ್ಯೋಗಿ ಪುರುಷರ ಕೀರ್ತಿಯ ನೆರಳಿನಲ್ಲಿ ಉಳಿದವು. 1991ರಲ್ಲಿ ರಾಬರ್ಟ್ ವೆಂಚೂರಿ ಅವರಿಗೆ ಪ್ರಿಟ್ಜ್‌ಕರ್ ಪ್ರಶಸ್ತಿ ಬಂದಾಗ ಅವರ ಪತ್ನಿ ಹಾಗೂ ವೃತ್ತಿಯಲ್ಲಿ ಸಹಭಾಗಿಯಾದ ಡೆನಿಸ್ ಸ್ಕಾಟ್ ಬ್ರೌನ್ ಅವರನ್ನು ಕೈಬಿಡಲಾಗಿತ್ತು ಎಂಬುದು, ಈ ಸಮಸ್ಯೆ ಮೇರಿಯನ್ ಅವರ ಕಾಲಕ್ಕೇ ಮುಗಿದುಹೋಗಲಿಲ್ಲ ಎಂಬುದನ್ನು ತೋರಿಸುತ್ತದೆ.

ಪ್ರಮುಖ ಕೃತಿಗಳು

• ಆಲ್ ಸೋಲ್ಸ್ ಚರ್ಚ್, ಎವನ್‌ಸ್ಟನ್ (1903) – ಸ್ವತಂತ್ರ ವಿನ್ಯಾಸ
• ವಾಸ್ಮುತ್ ಸಂಪುಟದ ಅನೇಕ ಮೂಲಚಿತ್ರಗಳು (ಪ್ರಕಟಣೆ 1910–11)
• ಡೇವಿಡ್ ಆಂಬರ್ಗ್ ಮನೆ, ಗ್ರ್ಯಾಂಡ್ ರ‍್ಯಾಪಿಡ್ಸ್ – ಫಾನ್ ಹೋಲ್ಸ್ಟ್ ಕಚೇರಿಯ ಮೂಲಕ
• ಮ್ಯುಲ್ಲರ್ ಮನೆಗಳು, ಡೆಕೇಟರ್ – ಫಾನ್ ಹೋಲ್ಸ್ಟ್ ಕಚೇರಿಯ ಮೂಲಕ
• ಕ್ಯಾನ್‌ಬೆರಾ ನಗರ ಯೋಜನೆಯ ಚಿತ್ರಗಳು (1911–12)
• ಕ್ಯಾಪಿಟಲ್ ಚಿತ್ರಮಂದಿರ, ಮೆಲ್ಬರ್ನ್ (1924) – ವಾಲ್ಟರ್ ಅವರೊಂದಿಗೆ
• ಕ್ಯಾಸಲ್‌ಕ್ರ್ಯಾಗ್ ಬಡಾವಣೆ ಮತ್ತು ಬಯಲು ರಂಗಮಂದಿರ,  ಸಿಡ್ನಿ – ವಾಲ್ಟರ್ ಅವರೊಂದಿಗೆ

ಸ್ಮರಣೆ

ಕ್ಯಾನ್‌ಬೆರಾ ಯೋಜನೆಯಲ್ಲಿದ್ದ ಸರೋವರ 1964ರಲ್ಲಿ ಕೊನೆಗೂ ಸಿದ್ಧವಾದಾಗ ಅದಕ್ಕೆ ಬರ್ಲಿ ಗ್ರಿಫಿನ್ ಸರೋವರವೆಂದು ವಾಲ್ಟರ್ ಅವರ ಹೆಸರಿಡಲಾಯಿತು. ಮೇರಿಯನ್ ಅವರ ಹೆಸರು ಆ ನಗರದಲ್ಲಿ ಕಾಣಿಸಿಕೊಳ್ಳಲು ಇನ್ನೂ ಅರ್ಧ ಶತಮಾನ ಬೇಕಾಯಿತು. 2013ರಲ್ಲಿ ನಗರದ ಶತಮಾನೋತ್ಸವದ ಸಂದರ್ಭದಲ್ಲಿ ಏನ್ಸ್‌ಲಿ ಬೆಟ್ಟದ ತುದಿಯ ವೀಕ್ಷಣಾ ಸ್ಥಳಕ್ಕೆ ಅವರ ಹೆಸರನ್ನು ಇಡಲಾಯಿತು. ಆಸ್ಟ್ರೇಲಿಯದ ವಾಸ್ತುಶಿಲ್ಪಿಗಳ ಸಂಸ್ಥೆಯ ನ್ಯೂ ಸೌತ್ ವೇಲ್ಸ್ ಶಾಖೆ ಮಹಿಳಾ ವಾಸ್ತುಶಿಲ್ಪಿಗಳಿಗೆ ಅವರ ಹೆಸರಿನಲ್ಲಿ ಪ್ರಶಸ್ತಿಯನ್ನು ನೀಡುತ್ತಿದೆ. ಷಿಕಾಗೊದಲ್ಲಿ ಅವರು ಕೊನೆಯ ವರ್ಷಗಳನ್ನು ಕಳೆದ ರೋಜರ್ಸ್ ಪಾರ್ಕ್ ಪ್ರದೇಶದ ಸರೋವರ ತೀರದ ಉದ್ಯಾನಕ್ಕೆ 2015ರಲ್ಲಿ ಅವರ ಹೆಸರು ಬಂದಿತು. ಅದೇ ನಗರದ ಗ್ರೇಸ್‌ಲ್ಯಾಂಡ್ ಸ್ಮಶಾನದಲ್ಲಿ ಗುರುತಿಲ್ಲದೆ ಉಳಿದಿದ್ದ ಅವರ ಚಿತಾಭಸ್ಮವನ್ನು 1997ರಲ್ಲಿ ಹೆಸರಿನ ಫಲಕವಿರುವ ಸ್ಥಳದಲ್ಲಿ ಮತ್ತೆ ಇರಿಸಲಾಗಿದೆ.